ಬಿಕ್ಕಳಿಕೆಗೆ ಹಳೆಯ ಚಿಕಿತ್ಸೆ

ಶನಿವಾರ ಬೆಳಿಗ್ಗೆ ಬಿಸಿ ಉಪ್ಪಿಟ್ಟನ್ನು ಅವಸರದಲ್ಲಿ ನುಂಗಿದ್ದೇ ತಪ್ಪಾಯಿತು. ಏಕನಾಥನಿಗೆ ಬಿಕ್ಕಳಿಕೆ ಹಿಡಿಯಿತು. ಚೊಂಬುಗಟ್ಟಲೆ ನೀರು ಕುಡಿದರೂ ನಿಲ್ಲಲಿಲ್ಲ. ಅವತ್ತೇ ಮಧ್ಯಾಹ್ನ ಮೈಥಿಲಿ ಅಮೆರಿಕದ ಮೀರಾ ಮೆಸಾ ಬಡಾವಣೆಯಲ್ಲಿದ್ದ ಅವನ ಮನೆಗೆ ಮೊದಲ ಸಲ ಬರುವವಳಿದ್ದಳು. ಎರಡು ಗಂಟೆ ದಾರಿಯ ಸ್ಯಾನ್ ಪೀಡ್ರೊ ಊರಿನ ಬಂದರು ಕಚೇರಿಯಲ್ಲಿ ಅವಳ ಕೆಲಸ. ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಇವತ್ತು ಅವಳಿಗೆ ಹೇಳಿಬಿಡಬೇಕೆಂದು ಏಕನಾಥ ನಿರ್ಧರಿಸಿದ್ದ.

ಗೋಡೆಯಾಚೆ ಸದ್ದು ಕೇಳಿ ಪಕ್ಕದ ಮನೆಯ ಸುಬ್ರಹ್ಮಣ್ಯ ಅಂಕಲ್ ಬಂದರು. "ಯಾರೋ ನೆನೆಸ್ಕೊಳ್ತಿದಾರೆ ಕಣಯ್ಯ. ಅವ್ರ ಹೆಸ್ರು ಹೇಳು, ನಿಲ್ಲುತ್ತೆ."

"ಮೈ... ಹಿಕ್... ಥಿಲಿ," ಎಂದ ಏಕನಾಥ.

ಬಿಕ್ಕಳಿಕೆ ನಿಲ್ಲಲಿಲ್ಲ, ಗುಟ್ಟು ಮಾತ್ರ ಹೊರಬಿತ್ತು. ಅಂಕಲ್ ಅಲ್ಲಿಂದಲೇ ಹೆಂಡತಿಯನ್ನು ಕೂಗಿದರು.

ಶಾಮಲಾ ಆಂಟಿ ಮೈಸೂರಿನಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರು. ಹೋದ ತಿಂಗಳು ಯಾರದೋ ಮನೆಯ ಹಳೇ ಸಾಮಾನು ಮಾರುವ ಗ್ಯಾರೇಜ್ ಸೇಲ್‌ನಲ್ಲಿ ಅವರಿಗೆ ಚರ್ಮದ ರಟ್ಟಿನ ನೋಟ್‌ಬುಕ್ ಸಿಕ್ಕಿತ್ತು. ನೂರೈವತ್ತು ವರ್ಷದ ಹಿಂದೆ ಯಾವನೋ ಅಮೆರಿಕನ್ ವೈದ್ಯ ವಿದ್ಯಾರ್ಥಿ ರೋಗ, ಔಷಧಿಗಳನ್ನೆಲ್ಲ ತನಗಾಗಿ ಬರೆದಿಟ್ಟುಕೊಂಡದ್ದು. ಆಂಟಿ ಅದನ್ನು ಭೂತಗನ್ನಡಿ ಹಿಡಿದು ಧಾರಾವಾಹಿಯಂತೆ ಓದುತ್ತಿದ್ದರು. ಪ್ರಯೋಗಕ್ಕೆ ರೋಗಿಯೊಬ್ಬ ಸಿಕ್ಕಿರಲಿಲ್ಲ, ಅಷ್ಟೇ. ಗಂಡ ಕೂಗಿದ್ದೇ ತಡ, ಅದನ್ನು ಹಿಡಿದೇ ಬಂದರು.

"ಆಂಟಿ, ಅದು ತುಂಬ ಹಳೇ... ಹಿಕ್..."

"ಸುಮ್ನೆ ಕೂತ್ಕೊ. ಆ ಹುಡುಗ ಎಷ್ಟು ಮುದ್ದಾಗಿ ಬರ್ದಿದಾನೆ ನೋಡು."

ಮೊದಲು ಪಕ್ಕೆಲುಬಿನ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟಬೇಕಿತ್ತು. ಅಂಕಲ್ ತಮ್ಮ ರೇಷ್ಮೆ ಪಂಚೆ ತಂದು ಸುತ್ತಿ ಎಳೆದರು. ಏಕನಾಥ ಪ್ರಯಾಣಕ್ಕೆ ಕಟ್ಟಿಟ್ಟ ಹಾಸಿಗೆ ಸುರುಳಿಯಂತಾದ. ಆಮೇಲೆ ಹೊಟ್ಟೆಗೆ ಅರೆದ ಸಾಸಿವೆ ಮೆತ್ತಿದರು; ಉರಿ ಹತ್ತಿತು. ಸೀನಿದರೆ ನಿಲ್ಲುತ್ತದೆಂದು ಮೂಗಿಗೆ ಮೆಣಸಿನ ಪುಡಿ ಹಿಡಿದರು. ಸೀನು, ಬಿಕ್ಕಳಿಕೆ ಎರಡೂ ಸರದಿಯ ಮೇಲೆ ಬರತೊಡಗಿದವು.

"ಮುಂದಿನದು ಕ್ಲೋರೋಫಾರ್ಮ್," ಎಂದರು ಆಂಟಿ.

"ಅದು ಇಂಡಿಯನ್ ಸ್ಟೋರ್‌ನಲ್ಲಿ ಸಿಗಲ್ಲ ಅನ್ಸುತ್ತೆ," ಎಂದರು ಅಂಕಲ್, ಬೇಸರದಿಂದ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೈಥಿಲಿ ಬಂದೇಬಿಟ್ಟಳು. ಫ್ರೀವೇಯಲ್ಲಿ ಟ್ರಾಫಿಕ್ ಇರುತ್ತದೆಂದು ಬೇಗ ಹೊರಟಿದ್ದಳು, ಟ್ರಾಫಿಕ್ ಇರಲಿಲ್ಲ. ಕೆಂಪು ಕಣ್ಣಿನ, ರೇಷ್ಮೆ ಸುತ್ತಿದ, ಸಾಸಿವೆ ಮೆತ್ತಿದ ಏಕನಾಥನನ್ನು ಕಂಡು ಬಾಗಿಲಲ್ಲೇ ನಿಂತಳು. ಆಂಟಿ ಚಿಕಿತ್ಸೆಯನ್ನೆಲ್ಲ ವಿವರಿಸಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು, ಉಸಿರುಗಟ್ಟುವಷ್ಟು ನಕ್ಕಳು.

ಅವಮಾನಕ್ಕೋ ಗಾಬರಿಗೋ, ಏಕನಾಥನ ಬಿಕ್ಕಳಿಕೆ ಟಕ್ಕನೆ ನಿಂತಿತು. ಮತ್ತೆ ಶುರುವಾಗುವ ಮೊದಲೇ ಹೇಳಿಬಿಡಬೇಕು ಎನ್ನಿಸಿತು.

"ಮೈಥಿಲಿ, ನಾವಿಬ್ರೂ ಮದುವೆ ಆಗೋಣ್ವಾ?"

ಅವಳ ನಗು ನಿಂತಿತು. ಅವನನ್ನೇ ನೋಡುತ್ತ ಬಾಯಿ ತೆರೆದಳು.

"ಹೂ...ಕ್."

ಅಂಕಲ್, ಆಂಟಿ ಇಬ್ಬರೂ ಅವಳತ್ತ ತಿರುಗಿದರು.

"ಹೂಂ ಅಂದ್ಳು," ಎಂದರು ಅಂಕಲ್.

"ಅಲ್ಲಾರೀ, ಅದು ಬಿಕ್ಕಳಿಕೆ," ಎಂದರು ಆಂಟಿ.

ಮೈಥಿಲಿ ಏನೋ ಹೇಳಹೋದಳು; ಇನ್ನೊಂದು ಬಿಕ್ಕಳಿಕೆಯೇ ಬಂತು. ಮಾತಾಡಲಾಗುತ್ತಿಲ್ಲವೆಂದು ಕೈಯಾಡಿಸಿದಳು. ಮುಖ ಮಾತ್ರ ಕೆಂಪಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು, ಏಕನಾಥನ ಪಕ್ಕದಲ್ಲೇ ಕುಳಿತಳು.

ಅಂಕಲ್ ಏಕನಾಥನ ಮೈಮೇಲಿನ ಪಂಚೆ ಬಿಚ್ಚತೊಡಗಿದರು. ಆಂಟಿ ಉತ್ಸಾಹದಿಂದ ಪುಟವನ್ನು ಮತ್ತೆ ಮೊದಲ ಚಿಕಿತ್ಸೆಗೇ ಹಿಂದಕ್ಕೆ ತಿರುಗಿಸಿದರು. ಉತ್ತರ ಏನೆಂದು ಇನ್ನೂ ತಿಳಿಯದ ಏಕನಾಥ ಅಡುಗೆಮನೆಗೆ ಓಡಿ ಸಾಸಿವೆ ಅರೆಯಲು ಕೂತ.