ತಟ್ಟೆ ಬಡಿಯುವ ಪಾಳಿ

ನನಗೆ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬೇರೆಯವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಂತೆಲ್ಲ ಇರುವ ಹಾಗೆ ನನಗೆ ಪರರ ಬೇಜವಾಬ್ದಾರಿ ಎಂಬ ಕಾಯಿಲೆ ಇದೆ. ಅದನ್ನು ಕಂಡ ಕೂಡಲೇ ಕಿವಿ ಬಿಸಿಯಾಗುತ್ತದೆ, ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ. ಸಂಡೂರು ತಾಲ್ಲೂಕಿನ ಚೋರನೂರಿನ ಕಡೆ ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದವನು ನಾನು. ನಾಗರಿಕನ ಕರ್ತವ್ಯಗಳು ಎಂಬ ಪಾಠ ನನಗೆ ನೀರು ಕುಡಿದಷ್ಟು ಸಲೀಸು. ಗಂಟೆ ಹೊಡೆದು ಎರಡು ನಿಮಿಷ ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಸಮಯದ ಬೆಲೆಯ ಬಗ್ಗೆ ಇಪ್ಪತ್ತು ನಿಮಿಷ ಹೇಳುತ್ತಿದ್ದೆ. ನಿವೃತ್ತಿಯಾಗಿ ಹೊಸಪೇಟೆಗೆ ಬಂದಾಗ ನನ್ನ ಸಿಟ್ಟೂ ನಿವೃತ್ತಿಯಾದೀತು ಎಂದು ಹೆಂಡತಿ ಗಿರಿಜಾ ಆಸೆಪಟ್ಟಿದ್ದಳು. ಪಾಪ, ನಮ್ಮ ಓಣಿಯ ನಳದ ವಿಷಯ ಅವಳಿಗಾಗ ಗೊತ್ತಿರಲಿಲ್ಲ.

ನಮ್ಮ ಮಾಳಿಗೆ ಮೇಲೆ ನಿಂತರೆ ಜಲಾಶಯ ಕಾಣುತ್ತದೆ. ಮಳೆಗಾಲದಲ್ಲಿ ಅಷ್ಟೂ ನೀರು ಕಣ್ಣೆದುರು ತುಂಬಿ ನಿಂತಿರುತ್ತದೆ. ಓಣಿಗೆ ಮಾತ್ರ ನಾಲ್ಕು ದಿನಕ್ಕೊಮ್ಮೆ ನೀರು, ಅದೂ ಬೆಳಗಿನ ಜಾವ, ಮುಕ್ಕಾಲು ಗಂಟೆ. ಎಷ್ಟು ಹೊತ್ತಿಗೆ ಎಂದು ಬಿಡುವವನಿಗೂ ಗೊತ್ತಿಲ್ಲ. ಒತ್ತಡ ಸಾಲದೆಂದು ಎಲ್ಲರೂ ಮನೆ ಮುಂದೆ ಸೊಂಟದಾಳದ ಗುಂಡಿ ತೋಡಿ ನಳವನ್ನು ಅದರೊಳಗೆ ಇಳಿಸಿದ್ದೇವೆ. ನಮ್ಮ ಮನೆಗೆ ಬಂದ ನೆಂಟರು ಹಂಪಿ ನೋಡಿಕೊಂಡು ಬಂದು, "ಆ ಕಾಲದಲ್ಲೇ ಕಲ್ಲಿನ ಕಾಲುವೆಯಲ್ಲಿ ನೀರು ಹರಿಸುತ್ತಿದ್ದರಂತೆ!" ಎಂದು ಬಾಯಿ ಬಿಡುವಾಗ ನಾನು ಗುಂಡಿಯೊಳಗೆ ಕೂತು, ಬೆಳಗಿನಿಂದ ತಳದಲ್ಲಿ ಉಳಿದ ನೀರನ್ನು ತಂಬಿಗೆಯಲ್ಲಿ ಎತ್ತುತ್ತಿರುತ್ತೇನೆ. ಅವರ ಮೇಲೂ ಸಿಟ್ಟು ಬರುತ್ತದೆ. ಇರಲಿ. ನೀರು ಬರುವ ಮೊದಲು ನಳದಲ್ಲಿ ಗಾಳಿ ಸುಯ್ಯೆನ್ನುತ್ತದೆ. ಅದನ್ನು ಮೊದಲು ಕೇಳಿದವರು ಸ್ಟೀಲಿನ ತಟ್ಟೆಯನ್ನು ಸೌಟಿನಿಂದ ಬಡಿದು ಎಂಟೂ ಮನೆಗಳನ್ನು ಎಬ್ಬಿಸಬೇಕು. ನಾನು ಬರುವ ಮೊದಲಿನಿಂದಲೂ ಇದ್ದ ಪದ್ಧತಿ ಅದು. ಒಬ್ಬೊಬ್ಬರೂ ಇನ್ನೊಬ್ಬರು ಕೇಳಿಸಿಕೊಂಡಾರು ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಎರಡು ಸಲ ನೀರು ಬಂದು ಹೋದದ್ದೇ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು.

ನಮ್ಮ ಕಟ್ಟೆಯ ಮೇಲೆ ಸಭೆ ಕರೆದೆ. ಎಂಟು ಮನೆಗೆ ಎಂಟು ಪಾಳಿ ಹಾಕಿದೆ. ಹನ್ನೊಂದು ನಿಯಮ ಬರೆದು ಓದಿದೆ. ಬೆಳಗಿನ ಜಾವ ತಟ್ಟೆ ಬಡಿಯುವುದು ನಾಗರಿಕ ಲಕ್ಷಣವಲ್ಲವೆಂದು ಅದನ್ನು ರದ್ದು ಮಾಡಿ, ಫೋನಿನಲ್ಲಿ 'ಜವಾಬ್ದಾರಿ' ಎಂಬ ಗ್ರೂಪ್ ಮಾಡಿದೆ. ಪಾಳಿಯವರು ಅದರಲ್ಲಿ ತಿಳಿಸಿದರಾಯಿತು, ಎಲ್ಲರ ಫೋನೂ ಟಿಣ್ ಎನ್ನುತ್ತದೆ. ಓಣಿಯ ಕಡೇ ಮನೆಯ ಶರಣಮ್ಮನ ಹತ್ತಿರ ಮಾತ್ರ ಗುಂಡಿ ಒತ್ತುವ ಹಳೇ ಫೋನು. ಅವಳಿಗಾಗಿಯೇ ಹನ್ನೊಂದನೆಯ ನಿಯಮ ಬರೆದೆ: ಪಾಳಿಯವರು ಸ್ವತಃ ಹೋಗಿ ಶರಣಮ್ಮನ ಬಾಗಿಲು ಬಡಿಯತಕ್ಕದ್ದು.

"ತಟ್ಟಿ ಬಡದ್ರ ಏನಾತ್ರಿ ಮೇಷ್ಟ್ರೆ? ಒಮ್ಮಿಗೇ ಎಲ್ಲಾರ್ಗೂ ಕೇಳ್ತೈತಲ್ಲ" ಎಂದಳು ಶರಣಮ್ಮ.

"ಶಿಸ್ತು ಅಂತ ಒಂದು ಇರುತ್ತಮ್ಮ" ಎಂದೆ.

ಶರಣಮ್ಮ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳ ಮನೆ ನಡೆಯುವುದು ಅದರಿಂದಲೇ. ಮನೆಯಲ್ಲಿರುವುದು ಒಂದು ಡ್ರಮ್ಮು, ಆರು ಕೊಡ. ನಾಲ್ಕನೆಯ ದಿನಕ್ಕೆ ಎಲ್ಲ ಬರಿದಾಗಿರುತ್ತದೆ. ಅವತ್ತು ನೀರು ಹಿಡಿದರೆ ರೊಟ್ಟಿ, ಇಲ್ಲದಿದ್ದರೆ ಇಲ್ಲ. ಹತ್ತು ಗಂಟೆಗೆ ಖಾನಾವಳಿಯ ಆಟೋ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ನಮ್ಮ ಎದುರು ಮನೆಯ ವೀರೇಶ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ. ತನ್ನ ಪಾಳಿಯ ದಿನ ಆ ಮಹಾಶಯ ನಿದ್ದೆ ಹೋದ. ಎದ್ದು ತಿಳಿಸುವಷ್ಟರಲ್ಲಿ ಅರ್ಧ ನೀರು ಹೋಗಿತ್ತು. ಕಡೇ ಮನೆಗೆ ದಕ್ಕಿದ್ದು ನಾಲ್ಕೇ ಕೊಡ. ರೊಟ್ಟಿ ಕಡಿಮೆ ಬಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆ ಮನೆಗೆ ಕೊಡುತ್ತೇನೆ ಎಂದು ಖಾನಾವಳಿ ಮಾಲೀಕ ಖಡಾಖಂಡಿತವಾಗಿ ಹೇಳಿ ಕಳಿಸಿದ. ಇದನ್ನು ಶರಣಮ್ಮ ನಮ್ಮ ಕಟ್ಟೆಗೆ ಬಂದು ಗಿರಿಜಾಳ ಹತ್ತಿರ ಹೇಳುವಾಗ ನಾನು ಒಳಗಿನಿಂದ ಕೇಳಿಸಿಕೊಂಡೆ. ವೀರೇಶನನ್ನು ಹಿಡಿದು ಜಾಡಿಸಬೇಕೆನ್ನಿಸಿತು. ಒಬ್ಬ ಮನುಷ್ಯ ಒಂದು ದಿನ, ಒಂದೇ ಒಂದು ದಿನ, ಹೊತ್ತಿಗೆ ಸರಿಯಾಗಿ ಏಳಲಾರನೆ? ನಾಲ್ಕು ದಿನ ಅದೇ ಯೋಚನೆ. ಅನ್ನ ಕಲಸುವಾಗಲೂ ಅವನೇ ಕಣ್ಣ ಮುಂದೆ. ಪಟ್ಟಿಯಲ್ಲಿ ಅವನ ನಂತರದ ಪಾಳಿ ನನ್ನದು. ಅವತ್ತು ಖಾನಾವಳಿಯವರು ಶರಣಮ್ಮನಿಗೆ ಗಾದಿಗನೂರಿನ ಗೃಹಪ್ರವೇಶಕ್ಕೆಂದು ಇನ್ನೂರು ರೊಟ್ಟಿ ಹೇಳಿದ್ದರು.

ನಾನು ನಾಲ್ಕೂವರೆಗೇ ಎದ್ದು ಗುಂಡಿಯ ಅಂಚಿನಲ್ಲಿ ಕೂತೆ. ಜವಾಬ್ದಾರಿ ಎಂದರೆ ಏನೆಂದು ಓಣಿಗೆ ತೋರಿಸಬೇಕಿತ್ತು. ಸುಮ್ಮನೆ ಕೂರುವುದೇಕೆ, ವೀರೇಶನಿಗೆ ನಾಲ್ಕು ಮಾತು ಬರೆದುಬಿಡೋಣ ಎಂದು ಫೋನು ತೆಗೆದೆ. ಹೆಸರು ಹಾಕಲಿಲ್ಲ. "ನಮ್ಮಲ್ಲಿ ಕೆಲವರು" ಎಂದು ಶುರುಮಾಡಿದೆ. ತನ್ನ ನಿದ್ದೆಯನ್ನೇ ಗೆಲ್ಲಲಾರದವನ ಬದುಕಿಗೆ ಏನು ಅರ್ಥ ಎಂದು ಕೇಳಿದೆ. ಮಾತು ಒಂದಕ್ಕೊಂದು ಕೊಂಡಿಯಾಗಿ ಬರತೊಡಗಿತು. ಸಿಟ್ಟಿನಲ್ಲಿ ನನ್ನ ಭಾಷೆ ಬಹಳ ಚೆನ್ನಾಗಿರುತ್ತದೆ. ನಳ ಸುಯ್ಯೆಂದದ್ದು ಕೇಳಿಸಿತು, ಸುಳ್ಳು ಹೇಳುವುದಿಲ್ಲ. ಗಾಳಿ ತಾನೇ, ಈ ವಾಕ್ಯ ಮುಗಿಯಲಿ ಎಂದುಕೊಂಡೆ. ವಾಕ್ಯ ಉದ್ದವಿತ್ತು. ನೀರು ಬಿತ್ತು. ಎಡಗೈಯಲ್ಲಿ ಪೈಪು ಎಳೆದು ನಮ್ಮ ಡ್ರಮ್ಮಿಗೆ ಬಿಟ್ಟು, ಬಲಗೈಯಲ್ಲಿ ಮುಗಿಸಿದೆ. ಮೂವತ್ತನಾಲ್ಕು ಸಾಲು. ಅದರ ಕೆಳಗೆ "ನೀರು ಬಂದಿದೆ" ಎಂದು ಸೇರಿಸಿ ಕಳಿಸಿದೆ. ವೀರೇಶ ಏನು ಉತ್ತರ ಕೊಡುತ್ತಾನೋ ನೋಡಿಬಿಡೋಣ, ಆಮೇಲೆ ಶರಣಮ್ಮನ ಬಾಗಿಲಿಗೆ ಹೋದರಾಯಿತು ಎಂದು ಕಾದೆ. ಉತ್ತರ ಬರಲಿಲ್ಲ. ಉತ್ತರ ಕೊಡದ ಸೊಕ್ಕಿನ ಬಗ್ಗೆ ಇನ್ನೊಂದು ಮೆಸೇಜು ಬರೆಯಲು ಕೂತೆ. ತಲೆ ಎತ್ತಿದಾಗ ಪೈಪು ಗೊಳಗೊಳ ಅಂದು ನಿಂತಿತ್ತು.

ಆರೂಕಾಲಕ್ಕೆ ವೀರೇಶ ಬೈಕು ಹೊರಗೆ ತಂದ. "ಇವತ್ ನೀರ್ ಬರ್ಲಿಲ್ಲೇನ್ರಿ ಸಾರ್?" ಎಂದ.

ನಾನು ಉರಿದುಹೋದೆ. "ಮೆಸೇಜ್ ಹಾಕಿಲ್ಲವೇನಯ್ಯಾ? ಕಣ್ಣು ಎಲ್ಲಿಟ್ಟಿದ್ದೀಯ?"

ಅವನು ಫೋನು ತೆಗೆದು ಹೆಬ್ಬೆರಳಿನಿಂದ ತಳ್ಳಿದ. ಮತ್ತೆ ತಳ್ಳಿದ. ಮತ್ತೂ ತಳ್ಳಿದ. "ಅಯ್ಯ, ಇಲ್ಲಿ ತಳದಾಗ ಐತಲ್ರೀ! ನಿಮ್ ಮೆಸೇಜ್ ಬಂತಂದ್ರ ಭಾಳ ಉದ್ದ ಇರ್ತೈತಿ ಅಂತ ಸಂಜಿಗೆ ಓದಾಕ ಇಟ್ಕಂತೀವ್ರಿ ಸಾರ್."

ಅಷ್ಟರಲ್ಲಿ ಬಾಗಿಲುಗಳೆಲ್ಲ ತೆರೆದವು. ಯಾರ ಮನೆಯಲ್ಲೂ ನೀರಿರಲಿಲ್ಲ. ನಾನು ನಿಯಮದ ಸಂಖ್ಯೆ ಹೇಳಿ ಹೇಳಿ ಕೂಗಾಡಿದೆ. ತಿಳಿಸುವುದು ನನ್ನ ಕರ್ತವ್ಯ, ತಿಳಿಸಿದ್ದೇನೆ, ಓದುವುದು ನಿಮ್ಮ ಕರ್ತವ್ಯ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬರುತ್ತಿತ್ತು. ಆಗ ಶರಣಮ್ಮ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ಬಂದು ನಿಂತಳು. ಕೂಗಾಡಲಿಲ್ಲ.

"ನನ್ ಬಾಗ್ಲಾ ಬಡೀಲಿಲ್ಲಲ್ರೀ ಮೇಷ್ಟ್ರೆ" ಎಂದಳು.

ಯಾರನ್ನು ಬಯ್ಯಲಿ ಎಂದು ಸುತ್ತ ನೋಡಿದೆ. ಹನ್ನೊಂದನೆಯ ನಿಯಮ ಬರೆದವನು ನಾನೇ. ನಾಚಿಕೆಯಾಯಿತು, ಮತ್ತು ನಾಚಿಕೆಯಾದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಓಣಿಗೆಲ್ಲ ನೀರಿದ್ದದ್ದು ನನ್ನ ಡ್ರಮ್ಮಿನಲ್ಲಿ ಮಾತ್ರ. ಅವಳ ಕೊಡವನ್ನು ಕಸಿದುಕೊಂಡು ತುಂಬಿಸಿ ಹೊತ್ತೆ. ಹದಿನಾಲ್ಕು ಸಲ ಓಣಿಯ ಈ ತುದಿಯಿಂದ ಆ ತುದಿಗೆ. "ಸೊಂಟ ಹಿಡಕಂಡ್ರ ಯಾರಿಗೆ ಮೆಸೇಜ್ ಹಾಕ್ತೀರಿ?" ಎಂದಳು ಗಿರಿಜಾ. ಮೂರನೆಯ ಸಲಕ್ಕೆ ವೀರೇಶ ಬೈಕು ನಿಲ್ಲಿಸಿ ಎರಡು ಕೊಡ ಹಿಡಿದು ಬಂದ. ಕೆಲಸಕ್ಕೆ ತಡವಾಗುತ್ತೆ ಹೋಗಯ್ಯಾ ಎಂದರೂ ಹೋಗಲಿಲ್ಲ. ಅವನು ಒಳ್ಳೆಯವನಾಗಿದ್ದು ನನಗೆ ಆ ಹೊತ್ತಿನಲ್ಲಿ ಸಹಿಸಲಾಗಲಿಲ್ಲ.

ಶರಣಮ್ಮನ ಒಲೆ ಹೊತ್ತಿಕೊಳ್ಳುವಾಗಲೇ ಎರಡು ಗಂಟೆ ತಡ. ಆಟೋದವನು ಹನ್ನೊಂದರವರೆಗೆ ಕಾದು, ನೂರಿಪ್ಪತ್ತು ರೊಟ್ಟಿ ಕಟ್ಟಿಸಿಕೊಂಡು ಗೊಣಗುತ್ತಾ ಹೋದ. ಮರುದಿನ ಆಟೋ ಬರಲಿಲ್ಲ. ಕೆಲಸ ಮಲಪನಗುಡಿಯ ಒಂದು ಮನೆಗೆ ಹೋಯಿತೆಂದು ತಿಳಿಯಿತು. ನಾನು ಅಂಗಿ ಹಾಕಿಕೊಂಡು ಖಾನಾವಳಿಗೆ ಹೋದೆ. ತಪ್ಪು ನನ್ನದು ಎಂದು ಹೇಳಲು ಹೋದದ್ದು. ಆದರೆ ಆ ವಾಕ್ಯ ನನಗೆ ರೂಢಿಯಿಲ್ಲ. ಮೊದಲು ಒತ್ತಡದ ಬಗ್ಗೆ ಹೇಳಿದೆ, ಆಮೇಲೆ ನೀರು ಬಿಡುವವರ ಬಗ್ಗೆ, ಆಮೇಲೆ ಗ್ರೂಪಿನ ಬಗ್ಗೆ. ಎದುರಿಗಿದ್ದ ಮಾಲೀಕ ಈರುಳ್ಳಿ ಹೆಚ್ಚುತ್ತಾ ಕೇಳಿ, "ಯಾರ್ದು ತಪ್ಪು ಅದನ್ನ ಹೇಳ್ರಿ" ಎಂದ.

"ನಂದು" ಎಂದೆ.

ಅರವತ್ತನಾಲ್ಕು ವರ್ಷದಲ್ಲಿ ಇಷ್ಟು ಚಿಕ್ಕ ಮಾತು ನಾನು ಆಡಿದ್ದೇ ಇಲ್ಲ. ಅವನು ವಾರದಲ್ಲಿ ಮೂರು ದಿನದ ರೊಟ್ಟಿಯನ್ನು ಶರಣಮ್ಮನಿಗೆ ಮರಳಿ ಕೊಟ್ಟ. ಉಳಿದ ದಿನಗಳು ಹೋದದ್ದು ಹೋದವು. ಇದಕ್ಕೆ ಶರಣಮ್ಮ ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಇದೆಲ್ಲ ಆಗಿ ತಿಂಗಳಾಗಿದೆ. ಯಾವ ಸಭೆಯೂ ನಡೆಯದೆ ತಟ್ಟೆ ವಾಪಸು ಬಂದಿದೆ. ಇವತ್ತು ಮತ್ತೆ ನನ್ನ ಪಾಳಿ. ಬೀದಿ ದೀಪದ ಕೆಳಗೆ ಗುಂಡಿಯ ಅಂಚಿನಲ್ಲಿ, ತೊಡೆಯ ಮೇಲೆ ತಟ್ಟೆ, ಅದರ ಮೇಲೆ ಸೌಟು ಇಟ್ಟುಕೊಂಡು ಕೂತಿದ್ದೇನೆ. ಫೋನು ಬೇಕೆಂದೇ ಒಳಗೆ ಬಿಟ್ಟು ಬಂದಿದ್ದೇನೆ. ಸುಮ್ಮನೆ ಕೂರುವುದೇಕೆ ಎಂದು ಒಂದು ನೋಟ್‌ಬುಕ್ಕು ತಂದಿದ್ದೆ. ಜವಾಬ್ದಾರಿಯ ಬಗ್ಗೆ ಜನಕ್ಕೆ ತಿಳಿಯುವ ಹಾಗೆ ಏನಾದರೂ ಬರೆಯೋಣವೆಂದು ಶುರುಮಾಡಿ, ಇಲ್ಲಿಯವರೆಗೆ ಬಂದಿದ್ದೆ. ಆಗ ಶರಣಮ್ಮ ಬಂದು ನನ್ನ ಪಕ್ಕ ನಿಂತಳು. ನೋಟ್‌ಬುಕ್ಕು ನೋಡಿದಳು, ನನ್ನ ಮುಖ ನೋಡಿದಳು, ಬಗ್ಗಿ ತೊಡೆಯ ಮೇಲಿದ್ದ ತಟ್ಟೆ, ಸೌಟು ಎರಡನ್ನೂ ತೆಗೆದುಕೊಂಡಳು.

"ನೀವು ಬರೀರಿ ಮೇಷ್ಟ್ರೆ. ನಾ ಬಡೀತೀನಿ."

ನನಗೆ ಸಿಟ್ಟು ಬಂತು. ಪಾಳಿ ಯಾರದು ಎಂದು ಕೇಳಲು ಬಾಯಿ ತೆರೆದೆ. ಆಗ ಕೇಳಿಸಿತು, ಗುಂಡಿಯೊಳಗೆ ನಳ ಯಾವಾಗಿನಿಂದಲೋ ಸುಯ್ಯೆನ್ನುತ್ತಿತ್ತು.