ನನ್ನ ಹಲ್ಲಿನ ಅಚ್ಚು, ನನ್ನ ಹಕ್ಕು

ನನ್ನ ಬಾಯಿಯ ಮೇಲೆ ನನಗೆ ಅಧಿಕಾರವಿಲ್ಲವೆಂಬುದು ಮದುವೆಯಾದಾಗಲೇ ಗೊತ್ತಾಗಿತ್ತು. ಅದರೊಳಗಿನ ಹಲ್ಲುಗಳ ಮೇಲೂ ಇಲ್ಲವೆಂಬುದು ಮೊನ್ನೆ ತಿಳಿಯಿತು.

ಮುಂದಿನ ಹಲ್ಲುಗಳು ಉದುರಿದ್ದವು. ಹೊಸ ದಂತವೈದ್ಯರು, "ಹಳೇ ಕ್ಲಿನಿಕ್ಕಿನಲ್ಲಿ ನಿಮ್ಮ ಹಲ್ಲಿನ ಅಚ್ಚು ಇದ್ರೆ ತನ್ನಿ, ಹಿಂದೆ ಹೇಗಿತ್ತೋ ಹಾಗೇ ಕಟ್ಟಿಕೊಡ್ತೀನಿ" ಎಂದರು. ಯೌವನದ ನಗು ಮರಳಿ ಬರುತ್ತದೆಂದು ನಾನು ಅಲ್ಲೇ ಉಬ್ಬಿಹೋದೆ.

"ಆ ನಗುವನ್ನ ನಾನೂ ನೋಡಿದ್ದೀನಿ. ಹೊಸದಾಗೇ ಕಟ್ಟಿಸ್ಕೊಳ್ಳಿ," ಎಂದಳು ಹೆಂಡತಿ.

ಕೇಳುವವನೇ ನಾನು? ಅವಳನ್ನೂ ಎಳೆದುಕೊಂಡು ಹಳೇ ಕ್ಲಿನಿಕ್ಕಿಗೆ ದಂಡೆತ್ತಿ ಹೋದೆ.

"ಹಳೇ ದಾಖಲೆ ರೋಗಿಗಳಿಗೆ ಕೊಡೋ ಹಾಗಿಲ್ಲ ಸಾರ್. ಗೋಪ್ಯ," ಎಂದಳು ಕೌಂಟರಿನ ಹುಡುಗಿ.

"ಯಾರಿಂದ ಗೋಪ್ಯ?"

"ರೋಗಿಗಳಿಂದ."

ಪಿತ್ತ ನೆತ್ತಿಗೇರಿತು. ಹಲ್ಲು ನನ್ನದು, ನೋವು ನನ್ನದು, ದಾಖಲೆ ಮಾತ್ರ ಇವರದಂತೆ! ರೋಗಿಯ ಜನ್ಮಸಿದ್ಧ ಹಕ್ಕಿನ ಬಗ್ಗೆ ಘನಗಂಭೀರ ಭಾಷಣ ಬಿಗಿದೆ. (ಹಲ್ಲಿಲ್ಲದ ಬಾಯಿಂದ ಹಕ್ಕಿನ ಜೊತೆ ಉಗುಳೂ ಹಾರುತ್ತಿತ್ತು, ಹುಡುಗಿ ಶರಣಾದದ್ದು ಅದಕ್ಕೇ ಎಂದು ಹೆಂಡತಿಯ ವಾದ.) ಹುಡುಗಿ ಒಳಗಿಂದ ದೊಡ್ಡ ರಟ್ಟಿನ ಡಬ್ಬ ತಂದು ಸುರಿದಳು. ಊರವರ ಪ್ಲಾಸ್ಟರ್ ದವಡೆಗಳೆಲ್ಲ ನನ್ನತ್ತ ಹಲ್ಲು ಕಿರಿದವು.

"ಹೆಸರಿನ ಚೀಟಿ ಎಲ್ಲಾ ಉದುರಿಹೋಗಿದೆ. ನಿಮ್ಮದು ಯಾವುದೋ ನೀವೇ ಆರಿಸ್ಕೊಳ್ಳಿ."

ಗೋಪ್ಯತೆಯ ಗತಿ ಇಷ್ಟೇ. ಮುತ್ತು ಪೋಣಿಸಿದಂಥ ಒಂದು ಸಾಲನ್ನು ಎತ್ತಿಕೊಂಡೆ.

"ರೀ, ಅದು ನಿಮ್ಮದಲ್ಲ. ನಿಮ್ಮದು ಒಂದರ ಮೇಲೊಂದು ಹತ್ಕೊಂಡಿತ್ತು."

"ನನ್ನ ಬಾಯಿ ನನಗೆ ಗೊತ್ತಿಲ್ವಾ?"

"ಇಷ್ಟು ವರ್ಷ ಎದುರಿಗೆ ಕೂತು ಅದನ್ನ ನೋಡಿರೋಳು ನಾನು!"

ಬರೀ ಹೊಟ್ಟೆಕಿಚ್ಚು ಎಂದುಕೊಂಡೆ. ಹೊಸ ವೈದ್ಯರೂ ಅಚ್ಚನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಇದ್ದ ಹಾಗೇ ಕಟ್ಟಿ" ಎಂದು ಗದರಿದೆ.

ಹಲ್ಲು ಕಟ್ಟಿಸಿಕೊಂಡು ಮನೆಗೆ ಬಂದಾಗ, ಹಿಂದಿನ ದಿನವಷ್ಟೇ ಮಗಳನ್ನು ನೋಡಲು ಬಂದಿದ್ದ ಅತ್ತೆ ಊರಿಗೆ ಹೊರಟು ನಿಂತಿದ್ದರು. ನನ್ನ ಮುಖ ಕಂಡರಾಗದ ಅವರು ಎರಡು ದಿನಕ್ಕಿಂತ ಹೆಚ್ಚು ನಮ್ಮಲ್ಲಿ ನಿಂತವರಲ್ಲ. ನಮ್ಮ ಸಂಸಾರ ಉಳಿದಿರುವುದೂ ಅದರಿಂದಲೇ. ಬೀಳ್ಕೊಡುವ ಖುಷಿಯಲ್ಲಿ ಬಾಯ್ತುಂಬ ನಕ್ಕೆ.

ಅತ್ತೆ ಚೀಲ ಕೆಳಗಿಟ್ಟರು. ಕಣ್ಣಲ್ಲಿ ನೀರು. "ಅಯ್ಯೋ, ತೀರಿಹೋದ ನಿಮ್ಮ ಮಾವನವರ ನಗು!"

ಹೆಂಡತಿ ನನ್ನ ಬಾಯೊಳಗೆ ಇಣುಕಿದಳು. "ಹೌದಲ್ಲಾ! ಅಪ್ಪನೂ ಅದೇ ಕ್ಲಿನಿಕ್ಕಿಗೆ ಹೋಗ್ತಿದ್ರು."

ಜೀವಮಾನದಲ್ಲಿ ಮೊದಲ ಬಾರಿಗೆ ಅತ್ತೆ ನನ್ನ ಕೆನ್ನೆ ಸವರಿದರು. "ಎಷ್ಟು ದಿನ ಬಾಳಿಕೆ ಬರುತ್ತಂತೆ ಅಳಿಯಂದ್ರೇ, ಈ ಹಲ್ಲು?"

"ನಾನು ಸಾಯೋ ತನಕ ಗ್ಯಾರಂಟಿ ಕೊಟ್ಟಿದಾರೆ ಅತ್ತೆ," ಎಂದು ಜಂಬದಿಂದ ಹೇಳಿದೆ.

"ಹಾಗಾದ್ರೆ ಊರಲ್ಲಿ ನನಗೇನು ಕೆಲಸ?" ಎಂದು ಅತ್ತೆ ಕಟ್ಟಿದ ಚೀಲ ಬಿಚ್ಚತೊಡಗಿದರು.