ಲಿಫ್ಟಿನ ವಿಷಯಕ್ಕೆ ಬನ್ನಿ

ನಾಳೆ ಅಮ್ಮನನ್ನು ಮನೆಗೆ ಕರೆದೊಯ್ಯಬಹುದು ಎಂದು ಬೆಳಗ್ಗೆ ಆಸ್ಪತ್ರೆಯಿಂದ ಫೋನ್ ಬಂದಾಗ ಕನ್ನಡಕದಂಗಡಿಯವನಿಗೆ ಸಂತೋಷವಾಗಬೇಕಿತ್ತು. ಆದರೆ ಅಮ್ಮನ ಬಲಗಾಲು ತೊಡೆಯಿಂದ ಪಾದದವರೆಗೆ ಪ್ಲಾಸ್ಟರಿನಲ್ಲಿತ್ತು. ಮನೆ ಆರನೇ ಮಹಡಿಯಲ್ಲಿತ್ತು. ಕಟ್ಟಡದ ಲಿಫ್ಟೋ, ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ, ಗಂಡ ಹೆಂಡಿರ ಜಗಳದಲ್ಲಿ ಸಿಕ್ಕಿಬಿದ್ದ ನೆಂಟನಂತೆ ಅಲ್ಲಾಡದೆ ನಿಂತಿತ್ತು.

ಮೆಕ್ಯಾನಿಕ್‌ನನ್ನು ಕರೆದರಾಯಿತು ಎನ್ನುವಂತಿರಲಿಲ್ಲ. ಆ ಕಟ್ಟಡದಲ್ಲಿ ಒಂದು ಬಲ್ಬು ಬದಲಾಗಬೇಕಾದರೂ ನಿವಾಸಿಗಳ ಆನ್‌ಲೈನ್ ವೇದಿಕೆಯಲ್ಲಿ ಚರ್ಚೆಯಾಗಬೇಕು. ಇಪ್ಪತ್ತನಾಲ್ಕು ಮನೆಗಳಲ್ಲಿ ಹದಿಮೂರು ಮನೆಯವರು ಸಂಜೆ ಆರರೊಳಗೆ ‘ಒಪ್ಪಿಗೆ’ ಎಂದು ಬರೆಯಬೇಕು. ಅದೂ ಕಷ್ಟವಲ್ಲ. ಕಷ್ಟವಿದ್ದದ್ದು ವೇದಿಕೆಯ ಕಾರ್ಯದರ್ಶಿಯವರಲ್ಲಿ. ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತರಾದವರು. ನೀರಿನ ಟ್ಯಾಂಕ್ ತೊಳೆಸುವ ಚರ್ಚೆಯೊಂದು ಯಾರದೋ ಮಗಳ ಡೈವೋರ್ಸಿನಲ್ಲಿ ಮುಗಿದ ಮೇಲೆ ಅವರೊಂದು ನಿಯಮ ತಂದಿದ್ದರು: ಹತ್ತು ವಿಷಯಾಂತರಗಳಾದರೆ ಚರ್ಚೆಗೆ ಬೀಗ, ಅದೇ ವಿಷಯವನ್ನು ಒಂದು ತಿಂಗಳು ಯಾರೂ ಎತ್ತುವಂತಿಲ್ಲ. ಲೆಕ್ಕ ಅವರದೇ. ಯಾವುದು ವಿಷಯಾಂತರ ಎಂದು ಹೇಳುವ ಅಭ್ಯಾಸವಿರಲಿಲ್ಲ, ಸಂಖ್ಯೆಯನ್ನಷ್ಟೇ ಹಾಕುತ್ತಿದ್ದರು.

ಕನ್ನಡಕದವನು ಚರ್ಚೆ ತೆರೆದ: ‘ವಿಷಯ: ಲಿಫ್ಟ್ ರಿಪೇರಿ. ನಾಳೆ ಬೆಳಗ್ಗೆಯೇ ಮಾಡಿಸೋಣ.’

“ಹತ್ತು ಅಂದ್ರೆ ಬೇಕಾದಷ್ಟಾಯ್ತು ಬಿಡಿ,” ಎಂದಳು ಹೆಂಡತಿ.

“ನಮ್ಮ ಕಟ್ಟಡದೋರಿಗಾ? ನಾನು ಸ್ನಾನ ಮುಗಿಸೋ ಅಷ್ಟರಲ್ಲಿ ಹತ್ತೂ ಖಾಲಿ ಮಾಡ್ತಾರೆ.”

ಸ್ನಾನಕ್ಕೂ ಹೋಗದೆ ಕಾವಲು ಕೂತ. ಎರಡು ಒಪ್ಪಿಗೆಗಳು ಬಂದವು. ಮೂರನೆಯದಾಗಿ ಬಂದವಳು ಐದನೇ ಮಹಡಿಯ ಬೆಕ್ಕಿನಕ್ಕ. ಮನೆ ತುಂಬ ಬೆಕ್ಕು ಸಾಕಿದ್ದಕ್ಕೆ ಬಂದ ಹೆಸರು.

‘ಲಿಫ್ಟ್ ಅಂದ್ರೆ ನಮ್ಮ ಬಿಳಿ ಬೆಕ್ಕಿಗೆ ಈಗ್ಲೂ ಭಯ ಕಣ್ರಪ್ಪಾ. ಒಂದ್ಸಲ ಒಳಗೆ ಸಿಕ್ಕಾಕ್ಕೊಂಡಿತ್ತು. ಆವತ್ತಿಂದ ಹಾಲು ಕೊಟ್ರೂ ನನ್ನ ಮುಖಾನೇ ನೋಡುತ್ತೆ.’

ಅವನು ಕೂಡಲೇ ‘ಅಕ್ಕಾ, ದಯವಿಟ್ಟು ವಿಷಯಕ್ಕೆ ಬನ್ನಿ,’ ಎಂದು ಬರೆದ.

ಕೆಳಗೇ ಕಾರ್ಯದರ್ಶಿಯವರ ಸಾಲು ಮೂಡಿತು: ‘ವಿಷಯಾಂತರ: ಒಂದು.’

“ನೋಡಿದ್ಯಾ? ಬೆಕ್ಕು ಒಂದು ನುಂಗ್ತು!”

ಅಂಗಡಿಗೆ ಹೋದರೂ ಕಣ್ಣು ಫೋನಿನಲ್ಲೇ. ಎರಡನೇ ಮಹಡಿಯ ದಂತವೈದ್ಯರು ಬರೆದಿದ್ದರು: ‘ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದ್ದೇ ಆ ಲಿಫ್ಟಿನಲ್ಲಿ. ಕರೆಂಟ್ ಹೋಗಿತ್ತು.’

ಅದೇ ಮನೆಯಿಂದ ಉತ್ತರ: ‘ಕರೆಂಟ್ ಇದ್ದಿದ್ರೆ ನಾನೂ ಆ ಲಿಫ್ಟಲ್ಲಿ ಸರಿಯಾಗಿ ನೋಡಿರ್ತಿದ್ದೆ.’

ನಗುವವರ ಸಾಲು ಹನುಮಂತನ ಬಾಲದಂತೆ ಬೆಳೆಯಿತು. ‘ಇದೇನು ಮದುವೆ ಮನೆಯಾ? ವಿಷಯಕ್ಕೆ ಬನ್ನಿ!’ ಎಂದು ಕನ್ನಡಕದವನು ಗದರಿದ. ಸಾಲದೆನಿಸಿ ಇನ್ನೊಮ್ಮೆ ಗದರಿದ. ‘ವಿಷಯಾಂತರ: ಮೂರು.’

ಎದುರಿನ ಕುರ್ಚಿಯಲ್ಲಿ ಕಣ್ಣು ತೋರಿಸಲು ಬಂದ ಅಜ್ಜ ಕೂತಿದ್ದರು.

“ಕೆಳಗಿನ ಸಾಲು ಓದಿ ಯಜಮಾನ್ರೇ.”

“ಮಸುಕು ಮಸುಕು ಕಣಪ್ಪ. ನನ್ನ ತಮ್ಮನಿಗೂ ಹಿಂಗೇ ಆಗಿತ್ತು, ಅವನು ಏನ್ಮಾಡಿದ ಅಂದ್ರೆ…”

“ವಿಷಯಕ್ಕೆ ಬನ್ನಿ!”

ಅಜ್ಜ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಕಣ್ಣು ತೋರಿಸೋಕೆ ಬಂದ್ರೆ ಕಿವಿ ಹೋಯ್ತಲ್ಲಪ್ಪ,” ಎಂದು ಎದುರಿನ ಅಂಗಡಿಗೆ ನಡೆದರು.

ಮಧ್ಯಾಹ್ನ ಅಮ್ಮನ ಫೋನ್.

“ಲಿಫ್ಟ್ ಸರಿ ಆಯ್ತೇನೋ?”

“ಆಗ್ತಾ ಇದೆ ಅಮ್ಮ.”

“ಆಗ್ತಾ ಇದೆ ಅಂದ್ರೆ?”

“ಚರ್ಚೆ ಆಗ್ತಾ ಇದೆ.”

“ಚರ್ಚೆ ಹತ್ಕೊಂಡು ಆರನೇ ಮಹಡಿಗೆ ಬರ್ಲಾ? ಪಕ್ಕದ ಮಂಚದೋಳ ಮನೆ ನೆಲಮಹಡೀಲೇ ಇದೆಯಂತೆ. ಅವಳ ಮಗ ತುಂಬಾ ಒಳ್ಳೆಯವನಂತೆ. ಅಲ್ಲಿಗೇ ಹೋಗ್ಬಿಡ್ತೀನಿ.”

ಆ ಮಗ ಯಾರೋ ಏನೋ, ಅವನ ಮೇಲೆ ಕನ್ನಡಕದವನಿಗೆ ಅಸಾಧ್ಯ ಸಿಟ್ಟು ಬಂತು. ವೇದಿಕೆ ನೋಡಿದರೆ ಲಿಫ್ಟಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವುದು ಸರಿಯೇ ಎಂದು ಯಾರೋ ಕೇಳಿದ್ದರು. ಪರ ವಿರೋಧ ಎರಡೂ ಜೋರಾಗಿತ್ತು. ಅವನು ಬೇಡಿದ, ಗದರಿದ, ಕೈಮುಗಿದ. ನಾಲ್ಕು ಗಂಟೆಗೆ ಲೆಕ್ಕ ನೋಡಿದ: ಒಪ್ಪಿಗೆ ಹನ್ನೊಂದು, ವಿಷಯಾಂತರ ಎಂಟು. ಅಂಗಡಿಗೆ ಬೀಗ ಜಡಿದು ಓಡಿದ. ಮೆಟ್ಟಿಲು ಹತ್ತುತ್ತಲೇ ಇನ್ನೊಂದು ‘ವಿಷಯಕ್ಕೆ ಬನ್ನಿ’ ಒತ್ತಿದ. ಒಂಬತ್ತಾಯಿತು.

ಬೆಕ್ಕಿನಕ್ಕನ ಬಾಗಿಲು ತಟ್ಟಿದಾಗ ಉಸಿರು ತಿದಿಯಂತೆ ಏರಿಳಿಯುತ್ತಿತ್ತು.

“ಅಕ್ಕಾ… ಒಪ್ಪಿಗೆ… ಬರೀಲೇ ಇಲ್ವಲ್ಲ ನೀವು!”

“ಹೆಂಗ್ ಬರೀಲಪ್ಪ? ಬಾಯಿಬಿಟ್ರೆ ವಿಷಯಕ್ಕೆ ಬನ್ನಿ ಅಂತೀಯ. ‘ಒಪ್ಪಿಗೆ’ ಅನ್ನೋದು ವಿಷಯ ಹೌದೋ ಅಲ್ವೋ ಅಂತ ನಾನೂ ಬೆಕ್ಕುಗಳೂ ಬೆಳಗ್ಗಿಂದ ಯೋಚನೆ ಮಾಡ್ತಿದೀವಿ.”

“ಹೌದಕ್ಕಾ, ಅದೊಂದೇ ವಿಷಯ! ಬರೀರಿ!”

ಬರೆದಳು. ಹನ್ನೆರಡು. ಇನ್ನೊಂದೇ ಒಂದು ಬೇಕು.

ಮೆಟ್ಟಿಲ ಮೇಲೆ ಕುಸಿದು ಕೂತು ಫೋನನ್ನೇ ದಿಟ್ಟಿಸಿದ. ಐದೂವರೆ ದಾಟಿತು. ಆಗ ದಂತವೈದ್ಯರು ಮತ್ತೆ ಬಂದರು: ‘ಲಿಫ್ಟ್ ಸರಿಯಾದ ಮೇಲೆ ನಾವಿಬ್ಬರೂ ಅದರಲ್ಲಿ ಒಂದು ಫೋಟೊ ತೆಗೆಸಿಕೊಳ್ಳಬೇಕೆಂದಿದ್ದೇವೆ.’

ಅವನ ಬೆರಳು ಅವನ ಮಾತು ಕೇಳಲಿಲ್ಲ. ‘ಅಯ್ಯೋ ಮಾರಾಯರೇ, ಕಾಲಿಗೆ ಬೀಳ್ತೀನಿ, ವಿಷಯಕ್ಕೆ ಬನ್ನಿ!!!’

‘ವಿಷಯಾಂತರ: ಹತ್ತು. ಚರ್ಚೆಗೆ ಬೀಗ ಹಾಕಲಾಗಿದೆ.’

ಕಾರ್ಯದರ್ಶಿಯವರ ಬಾಗಿಲಿಗೆ ಅವನು ಬಂದದ್ದು ಇಳಿದೋ ಉರುಳಿಯೋ ಅವನಿಗೇ ತಿಳಿಯಲಿಲ್ಲ.

“ಸಾರ್, ಇದು ಅನ್ಯಾಯ! ಬೆಕ್ಕು, ಬಾಚಣಿಗೆ, ಫೋಟೊ… ಅವರು ಮಾಡಿದ್ದಕ್ಕೆ ನಮ್ಮಮ್ಮನಿಗೆ ಶಿಕ್ಷೆನಾ?”

“ಕೂತ್ಕೊಳ್ಳಿ,” ಎಂದರು ಅವರು ಶಾಂತವಾಗಿ. “ಬೆಕ್ಕು ಎಲ್ಲಿ ಸಿಕ್ಕಾಕ್ಕೊಂಡಿತ್ತು?”

“ಲಿಫ್ಟಲ್ಲಿ.”

“ಡಾಕ್ಟ್ರು ಹೆಂಡತೀನ ನೋಡಿದ್ದು?”

“…ಲಿಫ್ಟಲ್ಲಿ.”

“ತಲೆ ಬಾಚೋದು, ಫೋಟೊ ತೆಗೆಸೋದು?”

ಕನ್ನಡಕದವನು ಫೋನ್ ತೆಗೆದು ಚರ್ಚೆಯನ್ನು ಮೊದಲಿನಿಂದ ಓದತೊಡಗಿದ.

“ಎಲ್ಲಾ ವಿಷಯದೊಳಗೇ ಇದೆ. ಇನ್ನು ‘ವಿಷಯಕ್ಕೆ ಬನ್ನಿ’ ಅನ್ನೋದ್ರಲ್ಲಿ ಲಿಫ್ಟ್ ಎಲ್ಲಿದೆ ತೋರಿಸಿ. ಹತ್ತು ಸಲ ಬರೆದಿದೀರಿ. ಹತ್ತೂ ನಿಮ್ಮದೇ.”

ಅವನಿಗೆ ಆ ಕೋಣೆಯೂ ಮಹಡಿಗಳ ನಡುವೆ ಸಿಕ್ಕಿಕೊಂಡಂತೆನಿಸಿತು.

“ಹನ್ನೆರಡು ಒಪ್ಪಿಗೆ ಬಂದಿತ್ತಲ್ಲ ಸಾರ್… ಒಂದಕ್ಕೋಸ್ಕರ…”

“ಆ ಒಂದಕ್ಕೆ ನಾನೂ ಕಾಯ್ತಿದ್ದೆ. ಒಪ್ಪಿಗೆ ಕೊಡದೆ ಇರೋ ಮನೆಗಳಲ್ಲಿ ನಿಮ್ಮದೂ ಒಂದು.”

ಆಮೇಲೆ ಅವನ ಮುಖ ನೋಡಿ ಕನಿಕರ ಬಂದಿರಬೇಕು. “ತಾಯಿಯವರನ್ನ ಮೇಲೆ ಹೊರೋದು ಬೇರೆ ವಿಷಯ. ಅದಕ್ಕೆ ಹೊಸ ಚರ್ಚೆ ತೆರೀಬಹುದು. ನಿಯಮದಲ್ಲಿ ಅಡ್ಡಿಯಿಲ್ಲ.”

ಅಲ್ಲೇ ನಿಂತು ಬರೆದ: ‘ವಿಷಯ: ನಾಳೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಆರನೇ ಮಹಡಿಗೆ ಹೊರಲು ನಾಲ್ಕು ಜನ ಬೇಕು.’ ಈ ಸಲ ಮೊದಲು ತನ್ನದೇ ಒಪ್ಪಿಗೆ ಹಾಕಿದ.

ಬೆಕ್ಕಿನಕ್ಕನ ಉತ್ತರ ತಕ್ಷಣ ಬಂತು: ‘ಅಯ್ಯೋ, ಹೊರೋದ್ಯಾಕಪ್ಪ? ಲಿಫ್ಟ್ ಏನಾಯ್ತು?’

ಎದುರು ಕೂತಿದ್ದ ಕಾರ್ಯದರ್ಶಿಯವರು ಕನ್ನಡಕ ಏರಿಸಿಕೊಂಡು ತಮ್ಮ ಫೋನ್ ಕೈಗೆತ್ತಿಕೊಂಡರು.

‘ವಿಷಯಾಂತರ: ಒಂದು.’